ಹೊಳೆಯ ಮರಳಿನಲ್ಲಿ ವಿಮಾನವಿಳಿಸಿದ ಮೆಹರ್ ಸಿಂಗರು

ಯುದ್ಧಗಳ ಚರಿತ್ರೆಯನ್ನು ಓದುವವರ ಕಣ್ಣು ಸಾಧಾರಣವಾಗಿ ಕೋವಿ ಹಿಡಿದವನ ಮೇಲೆಯೇ ನಿಲ್ಲುವುದು. ಅವನಿಗೆ ಅಕ್ಕಿ, ಉಪ್ಪು, ಮದ್ದುಗುಂಡು, ಔಷಧಗಳನ್ನು ಹೊತ್ತು ತಂದವನ ಹೆಸರು ಪುಟದ ಅಂಚಿನಲ್ಲಿಯೂ ಕಾಣಿಸುವುದಿಲ್ಲ. ಆದರೆ ಮುತ್ತಿಗೆಗೆ ಸಿಕ್ಕಿದ ಊರೊಂದು ಉಳಿಯಬೇಕೆ ಅಳಿಯಬೇಕೆ ಎಂಬುದು ಎಷ್ಟೋ ವೇಳೆ ಈ ಹೊರೆಹೊತ್ತವನಿಂದಲೇ ನಿರ್ಧಾರವಾಗಿರುವುದುಂಟು. ೧೯೪೭-೪೮ರ ಕಾಶ್ಮೀರ ಯುದ್ಧದಲ್ಲಿ ಪೂಂಚ್ ಮತ್ತು ಲೇಹ್ ಪಟ್ಟಣಗಳು ಭಾರತದ ಕೈಯಲ್ಲಿ ಉಳಿದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಪ್ರಮುಖವಾದುದು, ನೆಟ್ಟಗೆ ಒಂದು ಎತ್ತಿನ ಗಾಡಿಗೂ ಒಪ್ಪದಿದ್ದ ನೆಲದ ಮೇಲೆ ಭಾರಿಯ ಡಕೋಟಾ ವಿಮಾನಗಳನ್ನು ಇಳಿಸಿ ತೋರಿಸಿದ ಒಬ್ಬ ಮನುಷ್ಯನ ಧೈರ್ಯ. ಆತನೇ ಏರ್ ಕಮೋಡೋರ್ ಮೆಹರ್ ಸಿಂಗರು. ಸಿಪಾಯಿಗಳು ಅವರನ್ನು ಪ್ರೀತಿಯಿಂದ ಬಾಬಾ ಎಂದು ಕರೆಯುತ್ತಿದ್ದರು. ಅವರ ಜೀವಿತವನ್ನು ನಮ್ಮ ವಾಚಕರ ಮುಂದೆ ಸಂಕ್ಷೇಪವಾಗಿ ಇಡಬೇಕೆಂದು ನಾವು ಬಯಸುತ್ತೇವೆ.

ಮೆಹರ್ ಸಿಂಗರು ೧೯೧೫ನೆಯ ಇಸವಿ ಮಾರ್ಚಿ ೨೦ರಂದು ಪಂಜಾಬಿನ ಲಾಯಲ್‌ಪುರದಲ್ಲಿ ಹುಟ್ಟಿದರು. ದೇಶವಿಭಜನೆಯಾದ ಮೇಲೆ ಆ ಊರು ಪಾಕಿಸ್ತಾನಕ್ಕೆ ಸೇರಿತು. ಈಗ ಅದರ ಹೆಸರು ಫೈಸಲಾಬಾದ್. ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವರು ಇಂಗ್ಲೆಂಡಿನ ಕ್ರಾನ್‌ವೆಲ್ ವಿಮಾನವಿದ್ಯಾಶಾಲೆಗೆ ಆಯ್ಕೆಯಾಗಿ, ೧೯೩೪ರಲ್ಲಿ ಅಲ್ಲಿಗೆ ತೆರಳಿದರು. ಭಾರತೀಯ ವಿಮಾನದಳವು ಆಗ ಇನ್ನೂ ತೊಟ್ಟಿಲ ಕೂಸು. ಅದು ಹುಟ್ಟಿದ್ದೇ ೧೯೩೨ರ ಅಕ್ಟೋಬರಿನಲ್ಲಿ. ಅದರ ಮೊದಲನೆಯ ತುಕಡಿ ಏರ್ಪಟ್ಟುದು ೧೯೩೩ರಲ್ಲಿ. ಭಾರತೀಯರಿಗೆ ವಿಮಾನ ನಡೆಸುವ ಯೋಗ್ಯತೆ ಉಂಟೇ ಎಂದು ಸಂಶಯಪಡುವವರು ಅಧಿಕಾರಸ್ಥಾನಗಳಲ್ಲಿದ್ದ ಕಾಲವದು. ಅಂತಹ ಕಾಲದಲ್ಲಿ ಕಲಿತು ಬಂದ ಪ್ರತಿಯೊಬ್ಬ ಭಾರತೀಯನೂ ತನ್ನ ಹೊಟ್ಟೆಪಾಡಿಗಾಗಿ ಮಾತ್ರ ಹಾರುತ್ತಿರಲಿಲ್ಲ. ತನ್ನ ಜನರ ಮಾನವನ್ನೂ ಜತೆಯಲ್ಲಿ ಹೊತ್ತು ಹಾರಬೇಕಾಗಿದ್ದಿತು.

೧೯೩೬ರಲ್ಲಿ ಅಧಿಕಾರಪತ್ರವನ್ನು ಪಡೆದು ಮರಳಿದ ಮೆಹರ್ ಸಿಂಗರು ವಾಯವ್ಯ ಸರಹದ್ದಿನಲ್ಲಿದ್ದ ಮೊದಲನೆಯ ತುಕಡಿಯನ್ನು ಸೇರಿದರು. ಅಲ್ಲಿ ಅವರಿಗೆ ದೊರೆತುದು ವಾಪಿಟಿ ಎಂಬ ಹಳೆಯ ಜೋಡಿರೆಕ್ಕೆಯ ವಿಮಾನ. ಇಂಜಿನು ಒಂದೇ. ಕೆಳಗೆ ಕಡಿದಾದ ಕಣಿವೆಗಳು. ಕಣಿವೆಗಳ ಬಂಡೆಗಳ ಹಿಂದೆ ಗುರಿ ತಪ್ಪದ ಬಂದೂಕುಗಾರರು. ಒಮ್ಮೆ ನೆಲದಿಂದ ಬಂದ ಗುಂಡು ಅವರ ವಿಮಾನದ ಪೆಟ್ರೋಲು ತೊಟ್ಟಿಗೆ ತಗುಲಿ, ಅವರು ಗುಡ್ಡಗಾಡಿನ ನಡುವೆಯೇ ಇಳಿಯಬೇಕಾಯಿತು. ಬಂಡುಕೋರರ ಕೈಗೆ ಸಿಕ್ಕದೆ, ಜತೆಯವನೊಡನೆ ಕತ್ತಲೆಯಲ್ಲಿ ನಡೆದು ಅವರು ಸ್ವಪಕ್ಷದ ಠಾಣೆಯನ್ನು ಸೇರಿಕೊಂಡರು. ಬಟ್ಟಬಯಲಾಗಲಿ ಬಂಡೆಗಲ್ಲಾಗಲಿ, ವಿಮಾನವೆಂಬುದು ಕೊನೆಗೆ ನೆಲಕ್ಕೆ ಬಂದೇ ತೀರಬೇಕು. ಆಗ ನೆಲವನ್ನು ಓದಬಲ್ಲವನೇ ಬದುಕುವನು. ಈ ವಿದ್ಯೆ ಅವರಿಗೆ ಕೈಗೂಡಿದುದು ಸರಹದ್ದಿನ ಆ ಕಣಿವೆಗಳಲ್ಲಿಯೇ ಎಂದು ಊಹಿಸಿದರೆ ತಪ್ಪಾಗಲಾರದು.

೧೯೪೨ರ ಡಿಸೆಂಬರಿನಲ್ಲಿ ಆರನೆಯ ತುಕಡಿಯು ತಿರುಚಿನಾಪಳ್ಳಿಯಲ್ಲಿ ಹೊಸದಾಗಿ ಏರ್ಪಟ್ಟಾಗ ಅದರ ನಾಯಕತ್ವವು ಮೆಹರ್ ಸಿಂಗರಿಗೆ ಬಂದಿತು. ಹರಿಕೇನ್ ವಿಮಾನಗಳೊಡನೆ ಈ ತುಕಡಿಯು ೧೯೪೩ರ ಕೊನೆಯಲ್ಲಿ ಅರಾಕಾನ್ ರಣರಂಗಕ್ಕೆ ಹೋಯಿತು. ಬರ್ಮಾದ ಕಾಡಿನಲ್ಲಿ ಜಪಾನೀಯರು ಎಲ್ಲಿದ್ದಾರೆ, ಯಾವ ಹೊಳೆಗೆ ಸೇತುವೆ ಕಟ್ಟಿದ್ದಾರೆ, ಎಷ್ಟು ದೋಣಿ ತಂದಿದ್ದಾರೆ ಎಂಬುದನ್ನು ಮರಗಳ ತುದಿಗೆ ತಗಲುವಷ್ಟು ಕೆಳಗೆ ಹಾರಿ ನೋಡಿ, ಚಿತ್ರ ತೆಗೆದು ತರುವುದು ಅವರ ಕಾರ್ಯ. ಹದಿನಾಲ್ಕನೆಯ ಸೈನ್ಯದ ಕಣ್ಣುಗಳು ಎಂಬ ಬಿರುದು ಈ ತುಕಡಿಗೆ ಸಂದಿತು. ೧೯೪೪ರಲ್ಲಿ ಮೆಹರ್ ಸಿಂಗರಿಗೆ ಡಿ.ಎಸ್.ಓ. ಎಂಬ ಉನ್ನತ ಪದಕವು ದೊರೆಯಿತು. ಆ ಮಹಾಯುದ್ಧದಲ್ಲಿ ಭಾರತೀಯ ವಿಮಾನದಳದವರೊಬ್ಬರಿಗೆ ಆ ಪದಕವು ಸಂದುದು ಅದೊಂದೇ ಬಾರಿ.

ಇಷ್ಟರಿಂದಲೇ ಒಬ್ಬನ ಹೆಸರು ಉಳಿಯಲು ಸಾಕಾಗುತ್ತಿದ್ದಿತು. ಆದರೆ ಪರರ ಧ್ವಜದ ಕೆಳಗೆ ಕಲಿತ ವಿದ್ಯೆಯು ಸ್ವದೇಶದ ಕಾರ್ಯಕ್ಕೆ ಒದಗಬೇಕಾದ ದಿನ ಮುಂದೆ ಕಾದಿದ್ದಿತು.

೧೯೪೭ರ ಅಕ್ಟೋಬರ್ ೨೬ರಂದು ಕಾಶ್ಮೀರದ ಮಹಾರಾಜರು ತಮ್ಮ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದರು. ಮರುದಿನ ಬೆಳಗಾಗುತ್ತಲೇ ಡಕೋಟಾ ವಿಮಾನಗಳು ಮೊದಲನೆಯ ಸಿಖ್ ಪಟಾಲಮಿನ ಯೋಧರನ್ನು ಹೊತ್ತು ಶ್ರೀನಗರದಲ್ಲಿಳಿದುವು. ವಿಮಾನದಳದಲ್ಲಿ ಡಕೋಟಾಗಳ ತುಕಡಿ ಇದ್ದುದು ಒಂದೇ, ಹನ್ನೆರಡನೆಯದು. ಆದುದರಿಂದ ಖಾಸಗಿ ಕಂಪನಿಗಳ ವಿಮಾನಗಳೂ ಈ ಕಾರ್ಯಕ್ಕೆ ದುಡಿಯಬೇಕಾಯಿತು. ಅನಂತರ ಜಮ್ಮು ಮತ್ತು ಕಾಶ್ಮೀರದ ವಿಮಾನಕಾರ್ಯವನ್ನೆಲ್ಲ ಒಂದು ಕೈಗೆ ಒಪ್ಪಿಸಬೇಕೆಂದು ತೀರ್ಮಾನವಾದಾಗ ಆ ಹೊಣೆಯು ಮೆಹರ್ ಸಿಂಗರ ಪಾಲಿಗೆ ಬಂದಿತು. ಆಗ ಅವರಿಗೆ ವಯಸ್ಸು ಮೂವತ್ತೆರಡು.

ಡಕೋಟಾ ವಿಮಾನದ ವಿಷಯವಾಗಿ ಇಲ್ಲಿ ಎರಡು ಮಾತು ಹೇಳುವುದು ಆವಶ್ಯಕ. ಅಮೆರಿಕದ ಡಗ್ಲಸ್ ಕಂಪನಿಯವರ ಈ ವಿಮಾನವು ಮೊದಲು ಹಾರಿದುದು ೧೯೩೫ರ ಡಿಸೆಂಬರಿನಲ್ಲಿ, ಪ್ರಯಾಣಿಕರಿಗಾಗಿ. ಮಹಾಯುದ್ಧವು ಬಂದಾಗ ಅದಕ್ಕೆ ಅಗಲವಾದ ಬಾಗಿಲನ್ನೂ ಗಟ್ಟಿಯಾದ ನೆಲಗಟ್ಟನ್ನೂ ಕೊಟ್ಟು ಸೈನ್ಯದ ಸಾಮಾನು ಸಾಗಿಸುವುದಕ್ಕೆ ಅಣಿಮಾಡಿದರು. ತಲಾ ೧,೨೦೦ ಕುದುರೆಬಲದ ಎರಡು ಇಂಜಿನುಗಳು. ಮುಂದೆ ಎರಡು ದಪ್ಪ ಗಾಲಿಗಳು, ಬಾಲದ ಕೆಳಗೊಂದು ಪುಟ್ಟ ಗಾಲಿ. ಅತ್ಯಾಧುನಿಕವೆಂದು ಹೇಳುವಂತಹುದು ಅದರಲ್ಲಿ ಏನೂ ಇರಲಿಲ್ಲ. ಆದರೆ ಹುಲ್ಲುಗಾವಲಿನಲ್ಲಿಳಿದರೂ ಮುರಿಯದು, ಕೆಟ್ಟರೆ ಸಾಧಾರಣ ಮೇಸ್ತ್ರಿಯ ಕೈಗೂ ರಿಪೇರಿಗೆ ಬಗ್ಗುವುದು ಎಂಬ ಗುಣ ಅದಕ್ಕಿದ್ದಿತು. ಬೆಂಗಳೂರಿನವರಿಗಂತೂ ಇದು ಅಪರಿಚಿತ ವಸ್ತುವಲ್ಲ. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಡಕೋಟಾಗಳನ್ನು ಬಿಚ್ಚಿ ಜೋಡಿಸಿ ದುರಸ್ತು ಮಾಡಿದುದು, ಯುದ್ಧಾನಂತರ ಹಳೆಯ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳನ್ನಾಗಿ ಮಾರ್ಪಡಿಸಿಕೊಟ್ಟುದು, ೧೯೪೦ರಲ್ಲಿ ಮೈಸೂರು ಸರ್ಕಾರದ ಬಂಡವಾಳವೂ ಸೇರಿ ಸ್ಥಾಪಿತವಾದ ನಮ್ಮ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಕೆಲಸಗಾರರೇ.

ಇನ್ನು ಪೂಂಚಿನ ಕಥೆ. ೧೯೪೭ರ ನವೆಂಬರಿನಲ್ಲಿ ಶತ್ರುಗಳು ಈ ಬೆಟ್ಟದೂರನ್ನು ಸುತ್ತಲೂ ಆವರಿಸಿಕೊಂಡರು. ಒಳಗೆ ಪ್ರೀತಂ ಸಿಂಗರ ಕೈಕೆಳಗಿನ ಸಣ್ಣ ಸೈನ್ಯ; ಅದರ ಜತೆಗೆ ಸುತ್ತಣ ಹಳ್ಳಿಗಳಿಂದ ಓಡಿಬಂದ ಸುಮಾರು ೪೦,೦೦೦ ನಿರಾಶ್ರಿತರು. ದಾರಿಗಳೆಲ್ಲ ಮುಚ್ಚಿದುವು. ಚಳಿಗಾಲ ತಲೆಯ ಮೇಲೆ ಬಂದಿದ್ದಿತು. ವಿಮಾನದಿಂದ ಮೂಟೆಗಳನ್ನು ಕೆಳಗೆಸೆದರೆ ಕೆಲವು ಒಡೆದು ಹೋಗುವುವು, ಕೆಲವು ಶತ್ರುವಿನ ಪಾಲಾಗುವುವು. ಅಲ್ಲದೆ ಎಸೆದ ಮೂಟೆಯಿಂದ ಗಾಯಾಳುವನ್ನು ಹೊರಕ್ಕೆ ಸಾಗಿಸಲಾಗುವುದಿಲ್ಲ. ವಿಮಾನವು ಇಳಿಯಲೇಬೇಕು, ಇಳಿಯುವುದಕ್ಕೆ ನೆಲ ಬೇಕು. ಸೈನಿಕರೂ ನಿರಾಶ್ರಿತರೂ ಗುದ್ದಲಿ, ಬುಟ್ಟಿಗಳನ್ನು ಹಿಡಿದು ಕಲ್ಲು ಕಿತ್ತು ಹಳ್ಳ ತುಂಬಿ ಕೆಲವೇ ದಿನಗಳಲ್ಲಿ ಒಂದು ಪಟ್ಟಿಯನ್ನು ಸಮಮಾಡಿದರು. ಹೊಟ್ಟೆಗಿಲ್ಲದ ಹೆಂಗಸರು ಮಕ್ಕಳು ಸಹ ಮಣ್ಣು ಹೊತ್ತರು. ನಮ್ಮ ಅಭಿಪ್ರಾಯದಲ್ಲಿ ಪೂಂಚಿನ ವಿಜಯದ ಮೊದಲ ಪಾಲು ಈ ಹೆಸರಿಲ್ಲದ ಕೈಗಳಿಗೆ ಸಲ್ಲತಕ್ಕದ್ದು.

ಆದರೆ ಆ ಪಟ್ಟಿಯು ಎಂತಹುದು? ಮೂರು ಕಡೆ ತೊರೆಗಳು, ಸುತ್ತ ಎತ್ತರವಾದ ಬೆಟ್ಟಗಳು. ಬರುವ ವಿಮಾನವು ಬೆಟ್ಟವನ್ನು ದಾಟಿದೊಡನೆಯೇ ಕಡಿದಾಗಿ ಇಳಿದು, ಪಟ್ಟಿಯ ಮೊದಲಿನಲ್ಲಿಯೇ ಗಾಲಿಯೂರಿ, ತೊರೆಗೆ ಬೀಳುವ ಮುನ್ನ ನಿಲ್ಲಬೇಕು. ಹಿಡಿತ ತಪ್ಪಿತೆಂದು ತಿರುಗಿ ಮೇಲೇರಿ ಮತ್ತೊಮ್ಮೆ ಪ್ರಯತ್ನಿಸೋಣವೆಂದರೆ ಅವಕಾಶ ದೊರೆಯುವುದು ದುರ್ಲಭ. ಡಕೋಟಾದಂತಹ ವಿಮಾನಕ್ಕೆ ಇದು ತಕ್ಕ ಸ್ಥಳವೇ ಎಂದು ನಿಯಮದ ಪುಸ್ತಕವನ್ನು ತೆರೆದು ನೋಡಿದ್ದರೆ ಅಲ್ಲವೆಂಬ ಉತ್ತರವೇ ಬರುತ್ತಿದ್ದಿತು. ೧೯೪೭ರ ಡಿಸೆಂಬರಿನಲ್ಲಿ ಮೆಹರ್ ಸಿಂಗರು ತಾವೇ ಚಾಲಕರಾಗಿ ಕುಳಿತು ಮೊದಲನೆಯ ಡಕೋಟಾವನ್ನು ಅಲ್ಲಿಳಿಸಿದರು. ವಿಮಾನದಳದ ಹಿರಿಯ ಅಧಿಕಾರಿಗಳಾಗಿದ್ದ, ಮುಂದೆ ೧೯೫೪ರಲ್ಲಿ ಆ ದಳದ ಮೊದಲನೆಯ ಭಾರತೀಯ ಮುಖ್ಯಸ್ಥರಾದ ಸುಬ್ರತೊ ಮುಖರ್ಜಿಯವರು ಆ ವಿಮಾನದಲ್ಲಿದ್ದರು. ಮುಖ್ಯಾಧಿಕಾರಿಯೇ ಇಳಿದು ತೋರಿಸಿದ ಮೇಲೆ ಉಳಿದ ಚಾಲಕರಿಗೆ ಹುಕುಮು ಮಾಡಬೇಕಾದ ಪ್ರಮೇಯವೇ ಉಳಿಯಲಿಲ್ಲ.

ಅಂದಿನಿಂದ ಪೂಂಚಿಗೆ ವಿಮಾನಗಳ ಸಾಲು ನಡೆಯಿತು. ಅಂತಹ ನೆಲಕ್ಕೆ ವಿಹಿತವಾದ ಭಾರವನ್ನು ಮೀರಿ, ಒಂದೊಂದು ಸಲ ಮೂರು ಟನ್ನಿನವರೆಗೂ ಹೇರಿಕೊಂಡು ಅವು ಇಳಿದುವು. ಬರುವಾಗ ಧಾನ್ಯ, ಮದ್ದುಗುಂಡು, ಬೆಟ್ಟದ ಫಿರಂಗಿಗಳು; ಹೋಗುವಾಗ ಗಾಯಾಳುಗಳು ಮತ್ತು ನಿರಾಶ್ರಿತರು. ೧೯೪೮ರ ಮಾರ್ಚಿಯಲ್ಲಿ ಶತ್ರುವು ಫಿರಂಗಿಗಳನ್ನು ತಂದು ಆ ಪಟ್ಟಿಯ ಮೇಲೆಯೇ ಗುಂಡು ಸುರಿಸತೊಡಗಿದಾಗ ಹಗಲಿನಲ್ಲಿ ಇಳಿಯುವುದು ಅಸಾಧ್ಯವಾಯಿತು. ಆಗ ಮೆಹರ್ ಸಿಂಗರು ರಾತ್ರಿಯಲ್ಲಿ ಇಳಿಯುವುದೆಂದು ನಿಶ್ಚಯಿಸಿದರು. ದಾರಿ ತೋರುವ ಯಂತ್ರಗಳಿಲ್ಲ; ಪಟ್ಟಿಯ ಇಕ್ಕೆಲಗಳಲ್ಲಿ ಎಣ್ಣೆಯ ದೀಪಗಳು, ಅಷ್ಟೆ. ದೇವರ ಗುಡಿಯ ಹಣತೆಯಷ್ಟು ಬೆಳಕನ್ನು ನಂಬಿ, ಕತ್ತಲೆಯ ಬೆಟ್ಟಗಳ ನಡುವೆ, ದೊಡ್ಡ ಫಿರಂಗಿಗಳ ಭಾರದೊಡನೆ ವಿಮಾನಗಳು ಇಳಿದುವು. ಆ ಫಿರಂಗಿಗಳು ಮಾತನಾಡತೊಡಗಿದ ಮೇಲೆ ಶತ್ರುವಿನ ಬಾಯಿ ಕಟ್ಟಿತು. ಒಂದು ವರ್ಷದ ಮುತ್ತಿಗೆಯಾದನಂತರ ೧೯೪೮ರ ನವೆಂಬರಿನಲ್ಲಿ ನಮ್ಮ ಸೈನ್ಯವು ದಾರಿಯನ್ನು ತೆರೆದುಕೊಂಡು ಪೂಂಚನ್ನು ಸೇರಿತು. ಊರು ಅದುವರೆಗೆ ಉಪವಾಸದಿಂದ ಬೀಳಲಿಲ್ಲ.

ಲೇಹಿನ ಸಂಗತಿ ಇದಕ್ಕಿಂತಲೂ ವಿಸ್ಮಯಕರವಾದುದು. ಲಡಾಖಿನ ಈ ಮುಖ್ಯ ಪಟ್ಟಣವು ೧೦,೬೦೦ ಅಡಿಗಳಿಗೂ ಮೀರಿದ ಎತ್ತರದಲ್ಲಿದೆ. ೧೯೪೮ರ ಚಳಿಗಾಲದಲ್ಲಿ ಮೇಜರ್ ಪೃಥೀಚಂದರು ಕೆಲವೇ ಮಂದಿ ಸ್ವಯಂಸೇವಕರೊಡನೆ ಹಿಮ ತುಂಬಿದ ಜೋಜಿ ಲಾ ಕಣಿವೆಯನ್ನು ಕಾಲ್ನಡಿಗೆಯಿಂದ ದಾಟಿ ಲೇಹನ್ನು ಸೇರಿದ್ದರು. ಅವರ ಜತೆಯಲ್ಲಿ ಸೋನಂ ನೋರ್ಬು ಎಂಬ ಲಡಾಖಿನ ಇಂಜಿನಿಯರರೂ ಹೋಗಿದ್ದರು. ಈ ಮಹನೀಯರು ಊರಿನವರನ್ನು ಕೂಡಿಸಿಕೊಂಡು, ಯಾವ ಯಂತ್ರದ ಸಹಾಯವೂ ಇಲ್ಲದೆ, ಸಿಂಧೂನದಿಯ ಬಳಿಯ ಮರಳುನೆಲದಲ್ಲಿ ಒಂದು ವಿಮಾನಪಟ್ಟಿಯನ್ನು ಸಿದ್ಧಪಡಿಸಿದರು. ಅಷ್ಟರಲ್ಲಿ ಶತ್ರುವು ಕಾರ್ಗಿಲನ್ನು ಹಿಡಿದು ಲೇಹಿನತ್ತ ಮುಖಮಾಡಿದನು. ನೆಲದ ಮಾರ್ಗದಿಂದ ಸೈನ್ಯವು ಹೋಗಿ ಮುಟ್ಟುವಷ್ಟು ಕಾಲಾವಕಾಶವಿರಲಿಲ್ಲ.

ಆಗ ಕಾಶ್ಮೀರದ ಕಣಿವೆಯ ಸೈನ್ಯಕ್ಕೆ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ಮಡಿಕೇರಿಯಲ್ಲಿ ೧೯೦೬ರಲ್ಲಿ ಹುಟ್ಟಿದ ಮೇಜರ್ ಜನರಲ್ ತಿಮ್ಮಯ್ಯನವರು. ಲೇಹನ್ನು ಉಳಿಸಬೇಕಾದರೆ ವಿಮಾನವೊಂದೇ ಗತಿಯೆಂಬುದು ಅವರಿಗೆ ಸ್ಪಷ್ಟವಾಗಿದ್ದಿತು. ಆದರೆ ಅದು ಸಾಧ್ಯವೇ? ಹೋಗುವ ದಾರಿಗೆ ನಕಾಶೆಯಿಲ್ಲ. ಜೋಜಿ ಲಾ ಮತ್ತು ಫೋಟು ಲಾಗಳ ಮೇಲೆ, ಹಿಮಶಿಖರಗಳ ನಡುವೆ ಸುಮಾರು ೨೪,೦೦೦ ಅಡಿಗಳವರೆಗೆ ಏರಬೇಕು; ಡಕೋಟಾದ ಶಕ್ತಿಯು ಮುಗಿದುಹೋಗುವುದೇ ಆ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬುವ ವ್ಯವಸ್ಥೆಯಿಲ್ಲ; ರೆಕ್ಕೆಗೆ ಹಿಮ ಕಟ್ಟಿದರೆ ಒಡೆದು ಹಾಕುವ ಸಾಧನವೂ ಇಲ್ಲ. ಇಷ್ಟನ್ನೂ ದಾಟಿ ಹೋದರೆ ಕೊನೆಯಲ್ಲಿ ಕಾದಿರುವುದು ಮರಳಿನ ನೆಲ. ತೆಳುವಾದ ಗಾಳಿಯಲ್ಲಿ ರೆಕ್ಕೆಯು ವಿಮಾನವನ್ನು ಎತ್ತಿಹಿಡಿಯಬೇಕಾದರೆ ವೇಗ ಹೆಚ್ಚಬೇಕು. ಲೇಹಿನ ಎತ್ತರದಲ್ಲಿ ಇಳಿಯುವ ವೇಗವು ಬಯಲುಸೀಮೆಯಲ್ಲಿಗಿಂತ ನೂರಕ್ಕೆ ಹದಿನೇಳು ಹದಿನೆಂಟರಷ್ಟು ಅಧಿಕವಾಗುವುದು. ಇಂಜಿನಿನ ಬಲವೋ ಕುಗ್ಗುವುದು. ಆದುದರಿಂದ ಇಳಿದವರು ತಿರುಗಿ ಏರುವರೆಂಬ ಭರವಸೆಯೂ ಪೂರ್ತಿಯಾಗಿರಲಿಲ್ಲ.

ತಿಮ್ಮಯ್ಯನವರು ಕೇಳಿದರು, ಮೆಹರ್ ಸಿಂಗರು ಒಪ್ಪಿದರು. ಒಪ್ಪಿದವರು ಜನರಲ್ಲರನ್ನೂ ತಮ್ಮ ಪಕ್ಕದಲ್ಲಿಯೇ ಕೂರಿಸಿಕೊಂಡು ಹೊರಟರು. ೧೯೪೮ರ ಮೇ ೨೪ರಂದು ಅವರ ಡಕೋಟಾವು ಸಿಂಧೂತೀರದ ಮರಳಿನಲ್ಲಿ ಗಾಲಿಯೂರಿತು. ಲೇಹಿನ ಜನರು ಅದಕ್ಕೆ ಮೊದಲು ತಮ್ಮ ನೆಲದಲ್ಲಿ ವಿಮಾನವಿಳಿದುದನ್ನು ಕಂಡವರಲ್ಲ. ದಾರಿ ತೆರೆಯಿತು. ಕೆಲವು ದಿನಗಳೊಳಗಾಗಿ ಡಕೋಟಾಗಳ ಗುಂಪು ಗೂರ್ಖಾ ಯೋಧರನ್ನು ತಂದಿಳಿಸಿತು, ಲೇಹ್ ಉಳಿಯಿತು. ಒಬ್ಬ ಪಂಜಾಬಿನವನು, ಒಬ್ಬ ಕೊಡಗಿನವನು, ಒಬ್ಬ ಲಡಾಖಿನವನು ಸೇರಿ ಮಾಡಿದ ಕಾರ್ಯವಿದು. ದೇಶೈಕ್ಯವೆಂಬುದನ್ನು ಸಭೆಗಳಲ್ಲಿ ವಿವರಿಸುವವರಿಗೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವು ಸಿಕ್ಕಲಾರದು.

ಇಂತಹ ಪಟ್ಟಿಯು ಇಲ್ಲದಿದ್ದರೆ ಏನಾಗುತ್ತಿದ್ದಿತು ಎಂಬುದಕ್ಕೆ ಸ್ಕರ್ದುವಿನ ದುರಂತವೇ ಸಾಕ್ಷಿ. ಅಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಅವರು ಅಲ್ಪ ಸೈನ್ಯದೊಡನೆ ೧೯೪೮ರ ಫೆಬ್ರವರಿಯಿಂದ ಆಗಸ್ಟಿನವರೆಗೆ ಕೋಟೆಯನ್ನು ಕಾದರು. ಧೈರ್ಯದಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಆದರೆ ವಿಮಾನವಿಳಿಯಲು ಸ್ಥಳವಿರಲಿಲ್ಲ. ಯುದ್ಧವಿಮಾನಗಳು ಮೇಲಿನಿಂದ ಉದುರಿಸಿದ ಅಲ್ಪಸ್ವಲ್ಪ ಸಾಮಗ್ರಿಯಿಂದ ಅವರ ಕೊರತೆಯು ತೀರುವಂತಿರಲಿಲ್ಲ. ತಿನ್ನಲು ಕಾಳೂ ಹಾರಿಸಲು ಗುಂಡೂ ಮುಗಿದು ಆಗಸ್ಟ್ ೧೪ರಂದು ಸ್ಕರ್ದು ಶತ್ರುವಶವಾಯಿತು. ಪೂಂಚಿಗೂ ಸ್ಕರ್ದುವಿಗೂ ಇದ್ದ ಭೇದವು ಶೌರ್ಯದ್ದಲ್ಲ. ಕೆಲವು ನೂರು ಗಜ ಸಮಮಾಡಿದ ನೆಲದ್ದು, ಮತ್ತು ಆ ನೆಲದ ಮೇಲಿಳಿಯಲು ಸಿದ್ಧರಾದವರದು.

ಇಲ್ಲಿ ನಮ್ಮ ವಾಚಕರಲ್ಲಿ, ಅದರಲ್ಲಿಯೂ ಸರ್ಕಾರದ ಕೆಲಸದಲ್ಲಿರುವವರಲ್ಲಿ, ಒಂದು ಪ್ರಶ್ನೆ ಏಳಬಹುದು. ನಿಯಮಗಳನ್ನು ಮೀರಿದವನನ್ನು ಹೊಗಳುವುದು ಯುಕ್ತವೇ? ಭಾರಕ್ಕೆ ಮಿತಿಯನ್ನೂ ನೆಲಕ್ಕೆ ಅಳತೆಯನ್ನೂ ಗೊತ್ತುಮಾಡಿದವರು ಮೂರ್ಖರೇ? ಖಂಡಿತವಾಗಿಯೂ ಅಲ್ಲ. ಆ ಮಿತಿಗಳು ಸತ್ತವರ ಅನುಭವದಿಂದ ಬರೆದವು. ಆದರೆ ನಿಯಮವನ್ನು ಮೀರುವುದರಲ್ಲಿ ಎರಡು ಬಗೆಯುಂಟು. ಮೇಜಿನ ಮುಂದೆ ಕುಳಿತು, ಅಪಾಯವನ್ನು ಕೈಕೆಳಗಿನವನ ತಲೆಗೆ ಕಟ್ಟಿ, ಲಾಭವನ್ನು ತನ್ನ ಹೆಸರಿಗೆ ಬರೆದುಕೊಳ್ಳುವುದು ಒಂದು ಬಗೆ. ಅಪಾಯವನ್ನು ಅಳೆದು ನೋಡಿ, ಮೀರದಿದ್ದರೆ ಆಗುವ ಹಾನಿಯನ್ನೂ ತೂಗಿ ನೋಡಿ, ಮೊದಲ ಬಾರಿ ತಾನೇ ಹೋಗುವುದು ಇನ್ನೊಂದು ಬಗೆ. ಮೆಹರ್ ಸಿಂಗರು ಎರಡನೆಯ ಬಗೆಯವರು. ಪೂಂಚಿನಲ್ಲಿ ನಿಯಮವನ್ನು ಪಾಲಿಸಿದ್ದರೆ ಒಂದು ವಿಮಾನವೂ ನಷ್ಟವಾಗುವ ಭಯವಿರಲಿಲ್ಲ, ನಿಜ. ಆದರೆ ನಲವತ್ತು ಸಹಸ್ರ ಜೀವಗಳ ಲೆಕ್ಕವು ಯಾವ ಪುಸ್ತಕದಲ್ಲಿ ಬರೆಯಲ್ಪಡುತ್ತಿದ್ದಿತು?

ಹೀಗಿದ್ದರೂ ವಿಮಾನದಳದಲ್ಲಿ ಅವರ ಕಾಲವು ದೀರ್ಘವಾಗಲಿಲ್ಲ. ಅವರು ೧೯೪೮ರಲ್ಲಿಯೇ ಸೇವೆಯನ್ನು ಬಿಟ್ಟು ಹೊರಬಂದರು. ಮುಂದೆ ಪಟಿಯಾಲಾ ಮಹಾರಾಜರ ಬಳಿ ಸಲಹೆಗಾರರಾಗಿದ್ದರು. ರಣರಂಗಗಳಲ್ಲಿ ಇಷ್ಟು ಕಲಿತಿದ್ದವರನ್ನು ಮೂವತ್ತಮೂರನೆಯ ವಯಸ್ಸಿಗೆ ಕಳೆದುಕೊಂಡುದು ಎಳೆಯದಾಗಿದ್ದ ಆ ದಳಕ್ಕೆ ನಷ್ಟವೆಂದೇ ನಾವು ಭಾವಿಸುತ್ತೇವೆ. ೧೯೫೦ರ ಜನವರಿ ೨೬ರಂದು, ಗಣರಾಜ್ಯವು ಉದಯಿಸಿದ ದಿನವೇ, ಅವರಿಗೆ ಮಹಾವೀರಚಕ್ರವು ಘೋಷಿತವಾಯಿತು. ಎರಡು ವರ್ಷಗಳ ತರುವಾಯ, ೧೯೫೨ರ ಮಾರ್ಚಿಯಲ್ಲಿ, ಜಮ್ಮುವಿನಿಂದ ದೆಹಲಿಗೆ ತಾವೇ ವಿಮಾನವನ್ನು ನಡೆಸಿಕೊಂಡು ಬರುತ್ತಿದ್ದಾಗ ರಾತ್ರಿಯ ಬಿರುಗಾಳಿಗೆ ಸಿಕ್ಕಿ ಅವರು ಮೃತರಾದರು. ಮೂವತ್ತೇಳು ವರ್ಷಗಳು ಆಗ ಇನ್ನೂ ತುಂಬಿರಲಿಲ್ಲ.

ಅವರು ತುಳಿದ ದಾರಿಯು ಮುಚ್ಚಿಹೋಗಲಿಲ್ಲ. ೧೯೬೨ರ ಜುಲೈಯಲ್ಲಿ ಪ್ಯಾಕೆಟ್ ಎಂಬ ವಿಮಾನವೊಂದು ೧೬,೦೦೦ ಅಡಿಗಳಿಗೂ ಮೀರಿದ ದೌಲತ್ ಬೇಗ್ ಓಲ್ಡಿಯಲ್ಲಿಳಿಯಿತು. ಬಹುಕಾಲ ಪಾಳುಬಿದ್ದಿದ್ದ ಅದೇ ಪಟ್ಟಿಯಲ್ಲಿ ೨೦೦೮ರ ಮೇ ೩೧ರಂದು ಆಂಟನೋವ್-೩೨ ವಿಮಾನವು ಇಳಿದು ಅದನ್ನು ಪುನಃ ತೆರೆಯಿತು. ಮೊಟಕಾದ, ಒರಟಾದ ನೆಲಕ್ಕೆಂದೇ ರಚಿಸಿದ ವಿಮಾನಗಳು ಈಗ ದೇಶಕ್ಕೆ ದೊರೆತಿವೆ. ಸಿ-೨೯೫ ಎಂಬ ಅಂತಹ ವಿಮಾನವು ೨೦೨೩ರಲ್ಲಿ ವಿಮಾನದಳಕ್ಕೆ ಸೇರಿತು, ಅವುಗಳನ್ನು ಜೋಡಿಸುವ ಕಾರ್ಖಾನೆಯು ೨೦೨೪ರಲ್ಲಿ ವಡೋದರದಲ್ಲಿ ಉದ್ಘಾಟಿತವಾಯಿತು. ಮೆಹರ್ ಸಿಂಗರ ಕಾಲದಲ್ಲಿ ವಿಮಾನವು ನೆಲಕ್ಕೆ ಹೊಂದಿಕೊಂಡುದಲ್ಲ. ವಿಮಾನಕ್ಕೂ ನೆಲಕ್ಕೂ ನಡುವೆ ಇದ್ದ ಕೊರತೆಯನ್ನು ಚಾಲಕನ ಕೈಯೇ ತುಂಬಿಕೊಡಬೇಕಾಗಿದ್ದಿತು. ೨೦೧೮ರಲ್ಲಿ ವಿಮಾನದಳದವರು ಆಪತ್ತಿಗೆ ಸಿಕ್ಕಿದವರಿಗೆ ಸಾಮಗ್ರಿಗಳನ್ನು ಮುಟ್ಟಿಸಬಲ್ಲ ಚಾಲಕರಹಿತ ವಿಮಾನಗಳಿಗಾಗಿ ಒಂದು ಸ್ಪರ್ಧೆಯನ್ನು ಏರ್ಪಡಿಸಿದಾಗ ಅದಕ್ಕೆ ಮೆಹರ್ ಬಾಬಾ ಎಂಬ ಹೆಸರನ್ನಿಟ್ಟರು. ಉಚಿತವಾದ ಸ್ಮರಣೆಯೇ ಸರಿ.

ದೇಶವು ತನ್ನ ವೀರರಿಗೆ ಪದಕಗಳನ್ನು ಕೊಡುವುದು ಕರ್ತವ್ಯ. ಆದರೆ ಪದಕವು ಪೆಟ್ಟಿಗೆಯೊಳಗಿನ ವಸ್ತು. ನಮ್ಮ ಶಾಲೆಗಳಲ್ಲಿ ಓದುವ ಹುಡುಗರಿಗೆ ಪಾಣಿಪತ್ತಿನ ಮೂರು ಯುದ್ಧಗಳ ತಾರೀಖುಗಳು ಬಾಯಿಗೆ ಬರುತ್ತವೆ. ಪೂಂಚಿನ ದೀಪಗಳ ಸಂಗತಿಯಾಗಲಿ, ಲೇಹಿನ ಮರಳಿನ ಸಂಗತಿಯಾಗಲಿ ಎಷ್ಟು ಮಂದಿಗೆ ಗೊತ್ತು? ಪಠ್ಯಪುಸ್ತಕಗಳನ್ನು ಬರೆಯುವವರು ಈ ಚರಿತ್ರೆಗೆ ಒಂದು ಪಾಠದಷ್ಟು ಸ್ಥಳ ಮಾಡಿಕೊಡಬೇಕು. ಆ ಪಾಠದಲ್ಲಿ ಮೆಹರ್ ಸಿಂಗರ ಹೆಸರಿನ ಪಕ್ಕದಲ್ಲಿ ಸೋನಂ ನೋರ್ಬು ಅವರ ಹೆಸರೂ, ಪೂಂಚಿನಲ್ಲಿ ಮಣ್ಣು ಹೊತ್ತ ನಿರಾಶ್ರಿತರ ಸಂಗತಿಯೂ ಇರಲಿ. ಹಾರಿ ಬರುವವನಿಗೆ ಧೈರ್ಯವಿದ್ದರೆ ಮಾತ್ರ ಸಾಲದು, ಕೆಳಗೆ ನೆಲವನ್ನು ಸಮಮಾಡಿ ಕಾದಿರುವವರೂ ಇರಬೇಕು ಎಂಬುದು ಮಕ್ಕಳಿಗೆ ಚಿಕ್ಕಂದಿನಲ್ಲಿಯೇ ತಿಳಿಯುವುದು ಒಳ್ಳೆಯದು.